ಮೂರು ಸಲ ‘ಬೇಡ’

ಹೋದ ವಾರ ಕೆ.ಆರ್. ಪೇಟೆಯಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದೆ. ಹೆಣ್ಣಿನ ಕಡೆಯವರು ಶೀಳನೆರೆಯವರು, ಗಂಡಿನ ಕಡೆಯವರು ನಾಗಮಂಗಲದವರು, ಬಡಿಸುವವರು ಮಾತ್ರ ಎಲ್ಲಿಯವರೋ ದೇವರಿಗೇ ಗೊತ್ತು. ಎಲ್ಲರಿಗೂ ಒಂದೇ ಬಣ್ಣದ ಅಂಗಿ, ತಲೆಗೆ ಬಲೆಯಂಥ ಟೋಪಿ, ಕೈಗೆ ಪ್ಲಾಸ್ಟಿಕ್ ಗವಸು. ಪಾಯಸದ ಬಕೆಟ್ಟು ಹಿಡಿದವನು ನನ್ನ ಎಲೆಯ ಮುಂದೆ ನಿಂತು ‘ಪಾಯಸ?’ ಅಂದ. ನಾನು ಎರಡೂ ಕೈ ಎಲೆಗೆ ಅಡ್ಡ ಇಟ್ಟು ‘ಅಯ್ಯಯ್ಯೋ, ಬೇಡಪ್ಪ ಬೇಡ’ ಅಂದೆ. ಅವನು ಮುಂದಿನ ಎಲೆಗೆ ಹೊರಟುಹೋದ. ನಾನು ಬಕೆಟ್ಟು ಹೋದ ದಿಕ್ಕನ್ನೇ ನೋಡುತ್ತಾ ಕೂತೆ. ಶ್ಯಾವಿಗೆ ಪಾಯಸ, ಗೋಡಂಬಿಯನ್ನೂ ಧಾರಾಳವಾಗಿ ಹಾಕಿದ್ದರು.

ನನಗೆ ಪಾಯಸ ಬೇಕಾಗಿತ್ತು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನೀವು ನಮ್ಮ ಕಡೆಯವರಾದರೆ ನಿಮ್ಮ ಕೈಗೂ ಇದೇ ಚಾಳಿ ಇರುತ್ತದೆ. ತಲೆ ಯೋಚನೆ ಮಾಡುವ ಮೊದಲೇ ಕೈ ಹೋಗಿ ಎಲೆಯ ಮೇಲೆ ಮಲಗಿಬಿಡುತ್ತದೆ.

ಇದನ್ನು ನನಗೆ ಕಲಿಸಿದವಳು ನನ್ನವ್ವ. ಪಾಂಡವಪುರದಲ್ಲಿ ನನ್ನ ಸೋದರತ್ತೆ ಇದ್ದಳು. ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ಕಾಲದಲ್ಲಿ ಅವಳ ಬೀದಿಯೆಲ್ಲ ಬೆಲ್ಲ ಕಾಯಿಸುವ ವಾಸನೆ. ಅಲ್ಲಿಗೆ ಹೋಗುವಾಗ ಬಸ್ಸಿನಲ್ಲೇ ಪಾಠ ಶುರುವಾಗುತ್ತಿತ್ತು. ‘ನೋಡ್ಲಾ, ಮೊದಲ್ನೇ ಸಲ ಬಾಯಲ್ಲಿ ಬ್ಯಾಡ ಅನ್ನು. ಎರಡ್ನೇ ಸಲ ಕೈ ಅಡ್ಡ ಇಕ್ಕು. ಮೂರ್ನೇ ಸಲ ಎಲೆ ಮ್ಯಾಲೆ ಬಗ್ಗಿ, ಸತ್ತೇ ಓಯ್ತೀನಿ ಅತ್ತೆ ಅನ್ನು. ನಾಕ್ನೇ ಸಲ ಅವ್ರೇ ಆಕ್ತಾರೆ, ಸುಮ್ಕೆ ಉಣ್ಣು.’ ಕೇಳಿ ಹಾಕಿಸಿಕೊಳ್ಳುವುದಂತೂ ನಮ್ಮ ಮನೆಯಲ್ಲಿ ಕಳ್ಳತನಕ್ಕಿಂತ ದೊಡ್ಡ ತಪ್ಪು. ಕಳ್ಳನಿಗಾದರೂ ಒಂದಿಷ್ಟು ನಾಚಿಕೆ ಇರುತ್ತದೆ, ಅದಕ್ಕೇ ಕದ್ದು ತಿನ್ನುತ್ತಾನೆ ಎಂದು ಅವಳ ವಾದ.

ನನಗಾಗ ಎಂಟು ವರ್ಷ. ಅತ್ತೆ ಒಬ್ಬಟ್ಟು ಮಾಡಿದ್ದಳು. ಪಾಠ ಚೆನ್ನಾಗಿ ಬಂದಿದೆ ಎಂದು ತೋರಿಸುವ ಹುರುಪಿನಲ್ಲಿ ನಾನು ಮೊದಲನೇ ‘ಬೇಡ’ಕ್ಕೇ ಎಲೆಯ ಮೇಲೆ ಕವುಚಿ ಬಿದ್ದು, ಹೊಟ್ಟೆ ಹಿಡಿದುಕೊಂಡು ನರಳಿದೆ. ಅತ್ತೆ ಗಾಬರಿಯಾದಳು. ‘ಅಯ್ಯೋ ಮಗೀಗೆ ವೊಟ್ಟೆ ಸರಿಯಿಲ್ಲ ಕಣಕ್ಕ’ ಎಂದು ನನ್ನನ್ನು ಪಂಕ್ತಿಯಿಂದ ಎಬ್ಬಿಸಿ ಒಂದು ಲೋಟ ಓಂಕಾಳಿನ ಕಷಾಯ ಕುಡಿಸಿ ಚಾಪೆಯ ಮೇಲೆ ಮಲಗಿಸಿದಳು. ಉಳಿದವರು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುವುದನ್ನು ಕೇಳುತ್ತಾ ಮಲಗಿದ್ದೆ. ಅವ್ವ ಬಸ್ಸಿನಲ್ಲಿ ವಾಪಸು ಬರುವಾಗ ‘ಅಷ್ಟೊಂದು ಯಾಕ್ಲಾ ಮಾಡೀಯೆ, ಬಡ್ಡೆತ್ತದೆ’ ಅಂದಳು, ಅಷ್ಟೇ.

ನಾನು ಹೇಳಹೊರಟಿದ್ದು ಒಬ್ಬಟ್ಟಿನ ವಿಷಯವಲ್ಲ, ಸಾಂಬಾರಿನ ವಿಷಯ. ಅದೂ ಇಂಗ್ಲೆಂಡಿನ ಸಾಂಬಾರು.

ಮೂರು ವರ್ಷದ ಹಿಂದೆ, ಅಲ್ಲಿಯ ಒಂದು ಊರಿನ ಕನ್ನಡದವರು ಹಳೇ ಕಟ್ಟಡವೊಂದನ್ನು ಕೊಂಡು ಅದರೊಳಗೆ ಗಣಪತಿಗೆ ಒಂದು ಗುಡಿ ಮಾಡಿಕೊಂಡರು. ಗುಡಿಗೆ ತೇಗದ ಬಾಗಿಲವಾಡ ಆಗಬೇಕು, ಕೆತ್ತನೆ ನಮ್ಮ ಕಡೆಯದೇ ಇರಬೇಕು ಎಂದು ಅವರ ಆಸೆ. ಯಾರನ್ನೋ ಕೇಳಿ ಯಾರೋ ಹೇಳಿ ಕಡೆಗೆ ನನ್ನ ಹತ್ತಿರ ಬಂದರು. ನಾನು ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸುತ್ತಿದ್ದ ಮೇಷ್ಟ್ರು, ಈಗ ನಿವೃತ್ತ. ಆಚಾರಿಗಳ ಮನೆಯಲ್ಲಿ ಹುಟ್ಟಿದರೂ ನನ್ನ ಕೈಯಲ್ಲಿ ಉಳಿಗಿಂತ ಸೀಮೆಸುಣ್ಣವೇ ಚೆನ್ನಾಗಿ ಓಡುತ್ತದೆ. ನಿಜವಾಗಿ ಕೆಲಸ ಬಲ್ಲವನು ಹೊಸಹೊಳಲಿನ ಪುಟ್ಟಸ್ವಾಮಾಚಾರಿ, ನನ್ನ ದೊಡ್ಡಪ್ಪನ ಮಗ. ನನಗಿಂತ ಏಳು ವರ್ಷಕ್ಕೆ ದೊಡ್ಡವನು, ನಾನು ಅವನನ್ನು ಅಣ್ಣ ಅನ್ನುತ್ತೇನೆ. ಅವನು ನನ್ನನ್ನು ಮೇಷ್ಟ್ರೇ ಅನ್ನುತ್ತಾನೆ, ಅದರಲ್ಲಿ ಗೌರವ ಹುಡುಕಬೇಡಿ.

ಅಣ್ಣ ಆರು ತಿಂಗಳು ಕೂತು ಬಾಗಿಲವಾಡವನ್ನು ಬಿಡಿಬಿಡಿಯಾಗಿ ಕೆತ್ತಿದ. ತುಂಡುಗಳು ಹಡಗಿನಲ್ಲಿ ಹೋದವು. ಅವನ್ನು ಅಲ್ಲಿ ಮೊಳೆ ಮುಟ್ಟಿಸದೆ ಒಂದಕ್ಕೊಂದು ಕೂರಿಸಿ ನಿಲ್ಲಿಸಬೇಕು, ಅದಕ್ಕೆ ಇಪ್ಪತ್ತು ದಿನ ಬೇಕು, ಮತ್ತು ಅದು ಅಣ್ಣನೊಬ್ಬನಿಂದಲೇ ಆಗುವ ಕೆಲಸ. ಯಾವ ತುದಿ ಯಾವ ತೂತಿಗೆ ಎನ್ನುವುದನ್ನು ಅವನು ಕಾಗದದ ಮೇಲೆ ಬರೆಯುವುದಿಲ್ಲ, ಎಲ್ಲ ತಲೆಯಲ್ಲೇ ಇರುತ್ತದೆ. ‘ನಾನ್ ಬರಾಕಿಲ್ಲ ಕಣ್ಲಾ, ಆ ದೇಸ್ದಲ್ಲಿ ನಂಗೇನ್ ಉಣ್ಣಾಕೆ ಇಕ್ತಾರೆ?’ ಎಂದು ಅವನು ಒಂದು ವಾರ ಹಟ ಹಿಡಿದ. ಊಟದ ಜವಾಬ್ದಾರಿ ನನ್ನದು ಎಂದು ನಾನೇ ಮಾತು ಕೊಟ್ಟೆ. ನಿವೃತ್ತಿಯಾದ ಮೇಲೆ ನನ್ನ ಇಂಗ್ಲಿಷನ್ನು ಯಾರ ಮೇಲೂ ಪ್ರಯೋಗಿಸಲು ಆಗಿರಲಿಲ್ಲ, ಈ ಅವಕಾಶ ತಪ್ಪಿಹೋಗುವುದು ನನಗೆ ಇಷ್ಟವಿರಲಿಲ್ಲ.

ನಮಗೆ ಆ ಕಟ್ಟಡದ ಮಹಡಿಯ ಮೇಲೇ ಒಂದು ರೂಮು ಕೊಟ್ಟರು, ಅದರಲ್ಲೊಂದು ಒಲೆಯೂ ಇತ್ತು. ಅಣ್ಣ ಮೊದಲನೇ ದಿನವೇ ಹುರುಳಿಕಾಳಿನ ಸಾರು ಮಾಡಿ, ಬ್ಯಾಡಗಿ ಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟ. ಒಗ್ಗರಣೆ ಚಟಪಟ ಅಂದದ್ದೇ ತಡ, ಸೂರಿನಲ್ಲಿದ್ದ ಒಂದು ಬಿಳೀ ಡಬ್ಬಿ ಕಿರುಚಲು ಶುರುಮಾಡಿತು. ಅದು ಬಾಯಿ ಮುಚ್ಚುವ ಮೊದಲೇ ಬೆಂಕಿ ಆರಿಸುವ ಕೆಂಪು ಲಾರಿ ಬಂದು ಬಾಗಿಲಲ್ಲಿ ನಿಂತಿತು. ಹೆಲ್ಮೆಟ್ಟು ಹಾಕಿಕೊಂಡ ನಾಲ್ಕು ಜನ ಮಹಡಿ ಹತ್ತಿ ಬಂದು ನಮ್ಮ ಸಾರಿನ ಪಾತ್ರೆಯನ್ನು ಸುತ್ತುಗಟ್ಟಿ ನಿಂತರು. ಅಣ್ಣ ಸೌಟು ಹಿಡಿದುಕೊಂಡೇ ನನ್ನ ಕಡೆ ತಿರುಗಿ, ‘ಉಣ್ಣಾಕ್ ಬಂದವ್ರಾ ಏನ್ ಕೇಳ್ಲಾ’ ಅಂದ. ಅವತ್ತಿನಿಂದ ಒಲೆ ಮುಟ್ಟಬೇಡಿ ಎಂದು ಆಜ್ಞೆಯಾಯಿತು.

ಅಲ್ಲಿಯ ಕನ್ನಡದವರು ಒಳ್ಳೆಯವರೇ. ಆದರೆ ಎಲ್ಲರೂ ದೂರದೂರ ಇದ್ದು, ಶನಿವಾರ ಭಾನುವಾರ ಮಾತ್ರ ಡಬ್ಬಿ ತುಂಬಿಸಿ ತಂದುಕೊಡುತ್ತಿದ್ದರು. ಮಿಕ್ಕ ದಿನ ಬ್ರೆಡ್ಡು, ಬಾಳೆಹಣ್ಣು. ಒಂಬತ್ತನೇ ದಿನಕ್ಕೆ ಅಣ್ಣನ ಪಂಚೆ ಸೊಂಟದಲ್ಲಿ ನಿಲ್ಲುವುದಿಲ್ಲ ಎಂದಿತು. ನಾಲ್ಕು ಪೆಟ್ಟಿಗೇ ಉಳಿ ಕೆಳಗಿಟ್ಟು ಕೂರುವುದನ್ನು ನಾನೇ ನೋಡಿದೆ. ಬಾಗಿಲವಾಡದ ಎರಡು ಕಂಬ ಗೋಡೆಗೆ ಒರಗಿ ನಿಂತಿದ್ದವು, ಮೇಲಿನ ಪಟ್ಟಿ ಇನ್ನೂ ನೆಲದ ಮೇಲಿತ್ತು. ಗಣಪತಿಯ ಪೂಜೆಗೆ ದಿನ ಗೊತ್ತಾಗಿತ್ತು.

ಆಗ ನಾನು ಎರಡು ಬೀದಿ ಆಚೆ ಒಂದು ಹೋಟೆಲ್ಲು ಪತ್ತೆ ಮಾಡಿದೆ. ಬೋರ್ಡಿನ ಮೇಲೆ ತೆಂಗಿನ ಮರ, ಆನೆ, ತಾಜಮಹಲು ಮೂರೂ ಒಂದೇ ಸಾಲಿನಲ್ಲಿದ್ದವು. ದಕ್ಷಿಣ ಭಾರತದ ಊಟ ಸಿಗುತ್ತದೆ, ಅನ್ನ ಸಾಂಬಾರು ಎಷ್ಟು ಬೇಕಾದರೂ ಹಾಕುತ್ತೇವೆ ಎಂದು ಕಿಟಕಿಯಲ್ಲಿ ಬರೆದಿದ್ದರು. ಅಡುಗೆಯವನು ಬಾಂಗ್ಲಾದೇಶದವನು, ಪಾಪ, ನಮ್ಮ ದೇಶದಲ್ಲಿ ಕಲ್ಕತ್ತೆಯಿಂದ ಈಚೆಗೆ ಕಾಲಿಟ್ಟವನೇ ಅಲ್ಲ ಎಂದು ಆಮೇಲೆ ಗೊತ್ತಾಯಿತು. ಬಡಿಸುವವಳು ಆ ಊರಿನ ಹೆಂಗಸೇ. ಐವತ್ತೈದು ದಾಟಿರಬೇಕು, ದಪ್ಪಗೆ, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದಳು. ಹೆಸರು ಮಾರ್ಗರೆಟ್. ಅಣ್ಣ ಕೇಳಿ, ಎರಡು ಸಲ ನಾಲಗೆ ಹೊರಳಿಸಿ ನೋಡಿ, ಮಾರವ್ವ ಎಂದು ಇತ್ಯರ್ಥ ಮಾಡಿದ. ನಮ್ಮೂರಲ್ಲೇ ನಾಲ್ಕು ಜನ ಮಾರವ್ವಂದಿರಿದ್ದಾರೆ.

ಊಟ ಬಂತು. ಉದ್ದುದ್ದ ಅಕ್ಕಿಯ ಅನ್ನ, ಒಂದು ಅಗುಳಿನ ಜೊತೆ ಇನ್ನೊಂದು ಅಗುಳು ಮಾತು ಬಿಟ್ಟಂತಿತ್ತು. ಸಾಂಬಾರಿನಲ್ಲಿ ಕ್ಯಾರೆಟ್ಟು, ಆಲೂಗೆಡ್ಡೆ ಇದ್ದವು. ಬಾಯಿಗಿಟ್ಟರೆ ಸಿಹಿ. ಮೈಸೂರು ಕಡೆಯ ಸಾಂಬಾರಿಗೆ ಒಂದು ಚೂರು ಬೆಲ್ಲ ಬೀಳುವುದು ನನಗೂ ಗೊತ್ತು, ಆದರೆ ಇದಕ್ಕೆ ನಮ್ಮ ಸಕ್ಕರೆ ಕಾರ್ಖಾನೆಯನ್ನೇ ತಿರುಗಿಸಿ ಬಿಟ್ಟ ಹಾಗಿತ್ತು. ಚಟ್ನಿಯ ಬಗ್ಗೆ ಹೇಳುವುದಿಲ್ಲ. ಆದರೂ ಒಂಬತ್ತು ದಿನದ ಹಸಿವು, ಬಿಸಿ ಅನ್ನ. ಅಣ್ಣ ತಲೆ ಎತ್ತದೆ ಉಂಡ, ನಾನೂ ಉಂಡೆ. ತಟ್ಟೆ ಖಾಲಿಯಾಗುವ ಹೊತ್ತಿಗೆ ಹೊಟ್ಟೆಗೆ ಆಗ ತಾನೇ ಸುದ್ದಿ ಮುಟ್ಟಿತ್ತು. ಮಾರ್ಗರೆಟ್ ಬಂದು ಇನ್ನಷ್ಟು ತರಲೇ ಎಂದು ಕೇಳಿದಳು.

ಅಣ್ಣನ ಎರಡು ಕೈಯೂ ತಟ್ಟೆಯ ಮೇಲೆ ಅಡ್ಡ ಬಿದ್ದವು. ‘ಬ್ಯಾಡ ಬ್ಯಾಡ ಬ್ಯಾಡ, ಸಾಕು ಕಣವ್ವ’ ಅಂದ. ನನ್ನ ಕೈಯೂ ಅದೇ ಕೆಲಸ ಮಾಡಿ, ಬಾಯಿ ಇಂಗ್ಲಿಷಿನಲ್ಲಿ ‘ಬೇಡ, ವಂದನೆಗಳು’ ಅಂದಿತು. ಅವಳು ನಕ್ಕಳು. ನಮ್ಮಿಬ್ಬರ ಕೈ ಕೆಳಗಿನಿಂದ ತಟ್ಟೆಗಳನ್ನು ಮೆಲ್ಲಗೆ ಎಳೆದುಕೊಂಡು, ಮೇಜು ಒರೆಸಿ, ಎರಡು ಪೆಪ್ಪರಮಿಂಟು ಇಟ್ಟು ಹೊರಟುಹೋದಳು.

ಅಣ್ಣ ಎಂಜಲು ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದ. ಅನ್ನ ತರಲು ಹೋಗಿದ್ದಾಳೆ ಎಂದು ಅವನ ಎಣಿಕೆ. ಕೈ ಒಣಗುತ್ತಾ ಬಂತು.

‘ಅದ್ಯಾಕ್ಲಾ ತಟ್ಟೆ ಎತ್ಕೊಂಡೋದ್ಲು?’

‘ನೀನು ಬೇಡ ಅಂದ್ಯಲ್ಲಣ್ಣ.’

‘ಬ್ಯಾಡ ಅಂದ್ರೆ ಬ್ಯಾಡ ಅಂತಾನಾ?’

ಈ ಪ್ರಶ್ನೆಗೆ ಏನು ಹೇಳುತ್ತೀರಿ? ಅವಳನ್ನು ಕೂಗಿ ಇನ್ನಷ್ಟು ಕೊಡಿ ಎನ್ನುವಷ್ಟು ಇಂಗ್ಲಿಷು ನನಗೆ ಬರುತ್ತಿತ್ತು, ನಾಚಿಕೆ ಬಿಡುತ್ತಿರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಬಾಯಿಬಿಟ್ಟು ಕೇಳ್ರೋ ಎಂದು ಪಾಠ ಹೇಳಿದವನು ಪೆಪ್ಪರಮಿಂಟು ಚೀಪುತ್ತಾ ಎದ್ದೆ.

ರೂಮಿಗೆ ಬಂದು ಅಣ್ಣ ಉಳಿಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಲು ಶುರುಮಾಡಿದ.

‘ಸುಕ್ರವಾರ ಇಮಾನ ಅತ್ಸಿಬುಡ್ಲಾ ನನ್ನ. ಸಾಂಬಾರು ಕೆಟ್ಟೋಗಿರ್ಲಿ, ಅದ್ಕೆ ನಾನೇನೂ ಅನ್ನಾಕಿಲ್ಲ, ಅವ್ರ ಕೈಗುಣ. ಉಣ್ಣಾಕೆ ಕೂತೋನ್ನ ಒಂದ್ ಮಾತು, ಒಂದೇ ಒಂದ್ ಮಾತು ಬಲವಂತ ಮಾಡ್ಬಾರ್ದಾ? ನಾಯೀಗಾದ್ರೂ ಎರಡು ಸಲ ಕರ್ದು ಆಕ್ತೀವಿ.’

‘ಬಾಗಿಲು ಮಾಡಿಸಿದವರು ಬೇರೆ, ಆ ಹೆಂಗಸು ಬೇರೆ ಅಲ್ವೇನಣ್ಣ?’

‘ನಂಗೆ ಕೈಯಾಗೆ ತ್ರಾಣ ಇಲ್ಲ ಕಣ್ಲಾ. ಮನ್ಸಾಗೂ ಇಲ್ಲ. ಇಲ್ಲಿ ಯಾರ್ಗೂ ನಾನ್ ಬೇಕಾಗಿಲ್ಲ ಅನ್ನಿಸ್ತದೆ.’

ಈ ಕಡೆಯ ಮಾತು ನನಗೆ ತುಂಬಾ ನೋವು ಮಾಡಿತು. ಅಣ್ಣ ಊಟವನ್ನು ರುಚಿಯಿಂದ ಅಳೆದವನೇ ಅಲ್ಲ. ಹಿಂದೆ ಶೀಳನೆರೆಯ ಒಬ್ಬ ಗೌಡರ ಮನೆಗೆ ತಲೆಬಾಗಿಲು ಕೂರಿಸಿದ ದಿನ, ಆ ಮನೆಯ ಗೌಡ್ತಿ ಇವನ ಕೈಯನ್ನು ಎಲೆಯಿಂದ ಎತ್ತಿ ಎತ್ತಿ ಹನ್ನೊಂದು ಕಡುಬು ಹಾಕಿದ್ದಳಂತೆ. ಕಡುಬು ಬೆಂದೇ ಇರಲಿಲ್ಲ ಎಂದು ಅವನೇ ಹೇಳುತ್ತಾನೆ. ಆದರೆ ಆ ಮನೆಯ ಹೆಸರೆತ್ತಿದರೆ ಈಗಲೂ ಅವನ ಮುಖ ಅರಳುತ್ತದೆ. ಅಂಥವನನ್ನು ಕರೆತಂದವನು ನಾನು, ಊಟಕ್ಕೆ ಮಾತು ಕೊಟ್ಟವನೂ ನಾನು. ಅವನು ಹೊರಟರೆ ಕಂಬಗಳು ಹಾಗೇ ಗೋಡೆಗೆ ಒರಗಿರುತ್ತವೆ, ಆರು ತಿಂಗಳ ಅವನ ಕೆಲಸ ಸೌದೆ.

ಮಾರನೆಯ ದಿನ ಮಧ್ಯಾಹ್ನ, ಅಣ್ಣ ಮಗ್ಗುಲಾದಾಗ, ನಾನೊಬ್ಬನೇ ಆ ಹೋಟೆಲ್ಲಿಗೆ ಹೋದೆ. ಗಿರಾಕಿಗಳಿರಲಿಲ್ಲ. ಮಾರ್ಗರೆಟ್ ಚಮಚ ಒರೆಸುತ್ತಾ ಕೂತಿದ್ದಳು. ನನ್ನ ಜೀವಮಾನದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ನಾನು ಅವಳಿಗೆ ನಮ್ಮವ್ವ ಬಸ್ಸಿನಲ್ಲಿ ಹೇಳಿಕೊಟ್ಟ ಪಾಠವನ್ನು ಒಪ್ಪಿಸಿದೆ. ಅಣ್ಣ ಬೇಡ ಅಂದರೆ ನಂಬಬಾರದು. ಎರಡನೇ ಸಲ ಕೇಳಬೇಕು. ಮೂರನೇ ಸಲವೂ ಕೇಳಬೇಕು. ನಾಲ್ಕನೇ ಸಲ ಕೇಳಲೇಬಾರದು, ಅವನ ಕೈ ಸರಿಸಿ ಹಾಕಿಬಿಡಬೇಕು. ಕೈ ಅಡ್ಡ ಇಡುವುದು ಹೇಗೆ, ಅದನ್ನು ಸರಿಸುವುದು ಹೇಗೆ ಎಂದು ಖಾಲಿ ತಟ್ಟೆ ಇಟ್ಟುಕೊಂಡು ಮಾಡಿಯೂ ತೋರಿಸಿದೆ. ಅಡುಗೆಯವನು ಬಾಗಿಲಿನಿಂದ ಇಣುಕಿ ನೋಡಿ ಒಳಗೆ ಹೋದ.

ಅವಳು ಕನ್ನಡಕ ಏರಿಸಿಕೊಂಡು ನನ್ನನ್ನು ನೋಡಿದಳು. ಗಿರಾಕಿ ಒಂದು ಸಲ ಬೇಡ ಅಂದ ಮೇಲೆ ಮತ್ತೆ ಕೇಳುವುದು ತಮ್ಮಲ್ಲಿ ಮರ್ಯಾದೆಯಲ್ಲ ಎಂದಳು. ಆಮೇಲೆ ಒಂದು ಪ್ರಶ್ನೆ ಹಾಕಿದಳು. ‘ಹಾಗಾದರೆ ಅವರಿಗೆ ನಿಜವಾಗಿಯೇ ಬೇಡವಾದಾಗ ಏನು ಮಾಡುತ್ತಾರೆ?’

ಆಗ ನನಗೆ ಅರವತ್ತೊಂದು ವರ್ಷ, ಅಲ್ಲಿಯವರೆಗೆ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಸ್ವಲ್ಪ ಯೋಚಿಸಿ, ‘ಎದ್ದು ಓಡಿಹೋಗುತ್ತಾರೆ’ ಅಂದೆ. ಅವಳು ಜೇಬಿನಿಂದ ಚೀಟಿ ಪುಸ್ತಕ ತೆಗೆದು, ಕಿಟಕಿ ಪಕ್ಕದ ಮೇಜು, ನಾಲ್ಕು ಸಲ ಎಂದು ಬರೆದುಕೊಂಡಳು.

ಅಣ್ಣನನ್ನು ಮತ್ತೆ ಅಲ್ಲಿಗೆ ಹೊರಡಿಸಲು ನಾನು ಪಟ್ಟ ಪಾಡು ಬೇಡ. ಮೊಸರನ್ನ ಸಿಗುತ್ತದೆ ಎಂದು ಸುಳ್ಳು ಹೇಳಿ ಕರೆದುಕೊಂಡು ಹೋದೆ. ಆದರೆ ನನ್ನ ಗ್ರಹಚಾರ ನೋಡಿ, ಅಡುಗೆಯವನಿಗೆ ಅವತ್ತು ಏನು ಸ್ಫೂರ್ತಿ ಬಂದಿತ್ತೋ, ಸಾಂಬಾರಿಗೆ ಡಬ್ಬಿಯ ಅನಾನಸು ಹಾಕಿದ್ದ. ಅಣ್ಣ ಮೊದಲ ತುತ್ತಿಗೇ ಕಣ್ಣು ಮುಚ್ಚಿದ. ಆದರೂ ತಟ್ಟೆಯಲ್ಲಿ ಬಿಟ್ಟೇಳುವ ಅಭ್ಯಾಸ ನಮ್ಮ ಮನೆತನದಲ್ಲಿಲ್ಲ. ಔಷಧಿ ನುಂಗಿದ ಹಾಗೆ ನುಂಗಿ ಮುಗಿಸಿದ.

ಮಾರ್ಗರೆಟ್ ಪಾತ್ರೆ ಹಿಡಿದು ಬಂದಳು. ಅಣ್ಣ ಬೇಡ ಅಂದ. ನಾನು ಅವನ ಬೇಡಗಳನ್ನು ಐವತ್ತು ವರ್ಷದಿಂದ ಬಲ್ಲೆ, ಇದು ನಿಜವಾದ ಬೇಡ. ಹಣೆಯ ಮೇಲೆ ಮೂರು ಗೆರೆ ಎದ್ದಿದ್ದವು. ಅವಳಿಗೆ ಗೆರೆ ಓದುವುದನ್ನು ನಾನು ಕಲಿಸಿರಲಿಲ್ಲ. ಎರಡನೇ ಸಲ ಕೇಳಿದಳು. ಅಣ್ಣ ಕೈ ಅಡ್ಡ ಇಟ್ಟ. ಮೂರನೇ ಸಲಕ್ಕೆ ತಟ್ಟೆಯ ಮೇಲೆ ಪೂರ್ತಿ ಬಗ್ಗಿ, ‘ನಿನ್ ದಮ್ಮಯ್ಯ ಅಂತೀನಿ ಕಣವ್ವ, ಬ್ಯಾಡ’ ಎಂದು ಗೋಗರೆದ. ಇಷ್ಟು ಚೆನ್ನಾಗಿ ಪಾಠದ ಪ್ರಕಾರವೇ ನಡೆಯುತ್ತಿರುವುದನ್ನು ನೋಡಿ ಅವಳ ಮುಖ ಅರಳಿತು. ನಾಲ್ಕನೇ ಸಲ ಅವಳು ಕೇಳಲಿಲ್ಲ. ಅವನ ಮಣಿಕಟ್ಟು ಹಿಡಿದು ಪಕ್ಕಕ್ಕಿಟ್ಟು, ಎರಡು ಸೌಟು ಅನ್ನ, ಅದರ ಮೇಲೆ ಮೂರು ಸೌಟು ಅನಾನಸಿನ ಸಾಂಬಾರು ಸುರಿದಳು. ಅಣ್ಣ ನನ್ನ ಕಡೆ ನೋಡಿದ. ನಾನು ಕಿಟಕಿಯಾಚೆ ಹೋಗುತ್ತಿದ್ದ ಬಸ್ಸನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ. ತಪ್ಪು ಮಾಡಿದೆ ಎಂದು ಆಗ ನನಗೆ ನಿಜವಾಗಿಯೂ ಅನ್ನಿಸಿತು. ಶುಕ್ರವಾರದ ವಿಮಾನವನ್ನು ಗುರುವಾರಕ್ಕೇ ಹತ್ತಿಸಬೇಕಾಗುತ್ತದೋ ಏನೋ ಎಂದು ಹೆದರಿದೆ.

ಅಣ್ಣ ಉಂಡ. ಒಂದಗುಳು ಬಿಡದೆ ಉಂಡ.

ದಾರಿಯಲ್ಲಿ ಅರ್ಧ ಬಂದ ಮೇಲೆ ಒಂದು ತೇಗು ತೇಗಿದ. ಅನಾನಸಿನದೇ ಇರಬೇಕು, ಮುಖ ಹಿಂಡಿದ. ‘ಇಂಥ ಕೆಟ್ಟ ಊಟಾವ ನನ್ ಜಲ್ಮದಲ್ಲಿ ಉಂಡಿರ್ನಿಲ್ಲ ಕಣ್ಲಾ’ ಅಂದ. ಇನ್ನು ಹತ್ತು ಹೆಜ್ಜೆ ನಡೆದ ಮೇಲೆ, ‘ಆದ್ರೆ ಆ ಮಾರವ್ವ ನೋಡು, ಎಂಗೆ ಬಲವಂತ ಮಾಡುದ್ಲು. ನನ್ ಕೈ ಇಡ್ದು ಎತ್ತಿಬುಟ್ಳು ಕಣ್ಲಾ. ನಮ್ಮವ್ವ ಸತ್ ಮ್ಯಾಲೆ ನನ್ ಕೈ ಯಾರೂ ಅಂಗೆ ಇಡ್ದಿರ್ನಿಲ್ಲ’ ಅಂದ. ರೂಮಿಗೆ ಬಂದವನೇ ಸುತ್ತಿಟ್ಟಿದ್ದ ಉಳಿಗಳನ್ನು ಬಿಚ್ಚಿ, ಒಂದನ್ನು ಕಲ್ಲಿನ ಮೇಲೆ ಮಸೆಯಲು ಕೂತ.

ಆಮೇಲೆ ದಿನವೂ ಮಧ್ಯಾಹ್ನ ಅಲ್ಲೇ ಊಟ. ದಿನವೂ ಊಟ ಕೆಟ್ಟದಾಗಿಯೇ ಇತ್ತು, ಆ ವಿಷಯದಲ್ಲಿ ಅಡುಗೆಯವನು ಒಂದು ದಿನವೂ ಮೋಸ ಮಾಡಲಿಲ್ಲ. ದಿನವೂ ಮೂರು ಸಲ ಬೇಡ, ನಾಲ್ಕನೇ ಸಲ ಎರಡು ಸೌಟು. ಒಬ್ಬ ಮುದುಕನಿಗೆ ಬಲವಂತವಾಗಿ ತಿನ್ನಿಸುತ್ತಿದ್ದಾರೆ ಎಂದು ಪಕ್ಕದ ಮೇಜಿನವರು ಒಂದು ದಿನ ಎದ್ದು ಬಂದು ವಿಚಾರಿಸಿದರು. ಅಣ್ಣನ ಪಂಚೆ ಸೊಂಟದಲ್ಲಿ ನಿಂತಿತು, ಕೈಗೆ ತ್ರಾಣ ಬಂತು. ಮೇಲಿನ ಪಟ್ಟಿಯನ್ನು ಕಂಬಗಳ ಮೇಲೆ ಕೂರಿಸಿದ ದಿನ ಅದು ‘ಟಕ್’ ಎಂದು ಒಂದೇ ಸದ್ದಿಗೆ ಕೂತಿತು. ನನಗೆ ಕಣ್ಣಲ್ಲಿ ನೀರು ಬಂತು. ನಾನು ಮಾಡಿದ ಉಪಾಯದ ವಿಷಯ ಮಾತ್ರ ಬಾಯಿಬಿಡಲಿಲ್ಲ. ಮಾರವ್ವನ ಪ್ರೀತಿ ನನ್ನ ಪಾಠ ಎಂದು ಗೊತ್ತಾದರೆ ಅವನು ಬಾಗಿಲವಾಡವನ್ನೇ ಬಿಚ್ಚಿಕೊಂಡು ಹೋಗುವ ಆಸಾಮಿ. ಅವನು ಅವಳನ್ನು ಹೊಗಳಿದಾಗಲೆಲ್ಲ ನಾನು ಇಂಗು ತಿಂದ ಮಂಗನ ಹಾಗೆ ಹೂಂಗುಟ್ಟುತ್ತಿದ್ದೆ.

ಪೂಜೆಯಾದ ಮರುದಿನ ಹೊರಡುವ ಮೊದಲು ಕಡೆಯ ಸಲ ಅಲ್ಲಿಗೆ ಊಟಕ್ಕೆ ಹೋದೆವು. ಮತ್ತೆ ಅನಾನಸು. ಮಾರ್ಗರೆಟ್ ಮೂರು ಸಲ ಕೇಳಿದಳು, ನಾಲ್ಕನೇ ಸಲ ಬಡಿಸಿದಳು. ನಾವು ಇವತ್ತು ಊರಿಗೆ ಹೊರಟಿದ್ದೇವೆ ಎಂದು ನಾನು ಹೇಳಿದೆ. ಅವಳು ಒಳಗೆ ಹೋದಳು. ಅಣ್ಣ ತಟ್ಟೆ ಖಾಲಿ ಮಾಡಿ ಏಳುವುದರಲ್ಲಿದ್ದ, ಅವಳು ಮತ್ತೆ ಪಾತ್ರೆ ಹಿಡಿದು ಬಂದು ಮೇಜಿನ ಪಕ್ಕದಲ್ಲಿ ನಿಂತಳು. ಅಣ್ಣ ತಲೆ ಅಲ್ಲಾಡಿಸಿದ. ಅವಳು ಹೋಗಲಿಲ್ಲ, ಸೌಟು ಎತ್ತಿಕೊಂಡೇ ನಿಂತಿದ್ದಳು. ಕನ್ನಡಕದ ಹಿಂದೆ ಅವಳ ಕಣ್ಣು ಕೆಂಪಾಗಿತ್ತು.

ಅಣ್ಣ ನಿಧಾನವಾಗಿ ನನ್ನ ಕಡೆ ತಿರುಗಿದ.

‘ಇದೂವೆ ನೀನೇ ಏಳ್ಕೊಟ್ಟಿದ್ದೇನ್ಲಾ, ಮೇಷ್ಟ್ರೇ?’

ಎಂದಿನಿಂದ ಗೊತ್ತಿತ್ತೋ ಅವನಿಗೆ. ‘ಇಲ್ಲ ಕಣಣ್ಣ, ನಾನು ಹೇಳಿಕೊಟ್ಟಿದ್ದು ನಾಲ್ಕೇ ಸಲ’ ಅಂದೆ.

ಅಣ್ಣ ಪಾತ್ರೆಯೊಳಗಿನ ಅನಾನಸನ್ನು ಒಂದು ಸಲ ನೋಡಿದ, ಅವಳ ಮುಖವನ್ನು ಒಂದು ಸಲ ನೋಡಿದ. ಅವನು ತಟ್ಟೆಯನ್ನು ತಾನೇ ಮುಂದಕ್ಕೆ ನೂಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

‘ಅಂಗಾದ್ರೆ ಆಕವ್ವ’ ಅಂದ.